ಮಲಪ್ರಭೆಯ ದಂಡೆಗುಂಟ ಭೂಗೋಳ ಮಾಸ್ತರ

ಮಂದಿ ಊರಿಗೆ ಹೋಗುತ್ತಾರೆ, ತಿರುಗಿ ಬರುತ್ತಾರೆ, ಕೈಕಾಲು ತೊಳೆದುಕೊಂಡು ಊಟಕ್ಕೆ ಕೂಡುತ್ತಾರೆ. ನಾನು ಮನೆ ಬಿಟ್ಟು ನಾಲ್ಕು ಹೆಜ್ಜೆ ಹೋದರೆ ಸಾಕು, ಏನಾದರೂ ಒಂದು ಆಗಿಯೇ ತೀರುತ್ತದೆ. ಆ ಸುದ್ದಿ ನನಗಿಂತ ಮೊದಲು ಊರು ಮುಟ್ಟಿರುತ್ತದೆ.

ಇದು ಎಪ್ಪತ್ತರ ದಶಕದ ಮಾತು. ಆಗ ನಾನು ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರ. ಹದಿನಾಲ್ಕು ವರ್ಷ ಕರಿಹಲಗೆಯ ಮೇಲೆ ನೀಲಿ ಖಡುವಿನಿಂದ ಮಲಪ್ರಭಾ ನದಿಯನ್ನು ಹರಿಸಿದವನು. ಕಣಕುಂಬಿಯಲ್ಲಿ ಹುಟ್ಟಿಸಿ, ಕೂಡಲಸಂಗಮದಲ್ಲಿ ಕೃಷ್ಣೆಗೆ ಕೂಡಿಸಿ, ಕೈ ಝಾಡಿಸಿಕೊಂಡು ಕುರ್ಚಿಯ ಮೇಲೆ ಕೂಡುವುದು ನನಗೆ ಹತ್ತು ನಿಮಿಷದ ಕೆಲಸ. ಒಂದು ದಿನ ಊಟ ಮಾಡುತ್ತ ಇದನ್ನೇ ಜಂಬದಿಂದ ಹೇಳುತ್ತಿದ್ದೆ. ನಮ್ಮಾಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು:

"ಹೌದ್ರಿ, ಆ ಹೊಳಿ ನೀವು ಕಣ್ಣಿಲೆ ನೋಡೀರೇನು?"

"ಬಸ್ಸಿನ ಕಿಡಕ್ಯಾಗಿಂದ ನೋಡೇನಲ್ಲ."

"ಎಷ್ಟ ನೋಡೀರಿ?"

"ಒಂದ ಬ್ರಿಜ್ಜಿನಷ್ಟ."

ಅವಳು ನಗಲಿಲ್ಲ. ನಕ್ಕಿದ್ದರೆ ನಾನು ಸುಮ್ಮನಿರುತ್ತಿದ್ದೆ.

ಅದೇ ಶ್ರಾವಣದಲ್ಲಿ ಅವಳ ತಂಗಿಯ ಕುಬಸವಿತ್ತು. ಆ ಹುಡುಗಿ ಮದುವೆಯಾಗಿ ಆರು ವರ್ಷಕ್ಕೆ ಬಸುರಾಗಿದ್ದಳು. ಅಕ್ಕ ಹೋಗಿ ಹಸಿರು ಸೀರೆ ಉಡಿಸಿ, ಉಡಿ ತುಂಬಿದ ಹೊರತು ಕುಬಸ ಆಗುವಂತಿರಲಿಲ್ಲ. ತವರುಮನೆ ಇದ್ದದ್ದು ರಾಮದುರ್ಗದ ಹತ್ತಿರದ ಒಂದು ಹಳ್ಳಿ, ಹೊಳೆಯ ಆಚೆಯ ದಂಡೆ. ಬಸ್ಸಿಗೆ ಹೋದರೆ ಅರ್ಧ ದಿನದ ದಾರಿ. ನಾನು ಹೇಳಿದೆ, "ಬಸ್ಸು ಬ್ಯಾಡ. ಕಿತ್ತೂರ ಕಡೆಯಿಂದ ಸುರು ಮಾಡಿ ಹೊಳಿ ದಂಡಿಗುಂಟ ಜೀಪಿನ್ಯಾಗ ಹೋಗೂಣು. ಮೂರು ರಾತ್ರಿ ಡೇರೆ ಹಾಕಿ ಇರೂಣು."

ಡೇರೆಯ ವಿಷಯದಲ್ಲಿ ನನಗೆ ಅಧಿಕಾರವಿತ್ತು. ಹತ್ತು ದಿನದ ಸ್ಕೌಟ್ ಮಾಸ್ತರರ ತರಬೇತಿ ಮುಗಿಸಿ ತಂದ ಪ್ರಮಾಣಪತ್ರ ಪಡಸಾಲೆಯಲ್ಲಿ ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ಡೇರೆ ಸಾಲೆಯದು. ಜೀಪು ಹತ್ತಿ ವ್ಯಾಪಾರದ ಗೆಳೆಯನದು, ಅದರ ಜೊತೆಗೆ ಅವನ ಡ್ರೈವರನೂ ಬಂದ. ಅರವತ್ತರ ಹತ್ತಿರದ ಆ ಹಿರಿಯನನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ಮಾತು ಕಡಿಮೆ. ಆಡಿದ ಮಾತು ಮಾತ್ರ ಮರೆಯುವಂಥದ್ದಲ್ಲ.

ನಮ್ಮಾಕೆ ಒಪ್ಪಿದಳು. ತವರುಮನೆಯ ಮುಂದೆ ಜೀಪಿನಿಂದ ಇಳಿಯುವ ಆಸೆಗೆ ಒಪ್ಪಿದಳೆಂದು ನನ್ನ ಅನುಮಾನ. ಕರಾರು ಒಂದೇ: "ಕುಬಸದ ದಿನ ಹನ್ನೆರಡು ಹೊಡ್ಯೂದರಾಗ ನನ್ನ ಅಲ್ಲಿ ಮುಟ್ಟಸ್ರಿ. ಮುಟ್ಟಸಲಿಲ್ಲಂದ್ರ ನೀವು ಆ ಹೊಳಿ ದಂಡಿ ಮ್ಯಾಲೇ ಇದ್ದಬಿಡ್ರಿ, ಮನಿಗೆ ಬರಬ್ಯಾಡ್ರಿ."

ಮಕ್ಕಳನ್ನು ನಮ್ಮವ್ವನ ಹತ್ತಿರ ಬಿಟ್ಟೆವು.

೧. ಅಂಗಳದಾಗ ಎದ್ದ ಡೇರೆ

ಹೊರಡುವ ಹಿಂದಿನ ದಿನ, ಒಮ್ಮೆ ಕೈ ಪಳಗಿಸಿಕೊಳ್ಳೋಣವೆಂದು ಅಂಗಳದಲ್ಲಿ ಡೇರೆ ಎಬ್ಬಿಸಲು ನಿಂತೆ. ಮೂರು ಸಲ ಎದ್ದಿತು, ನಾಲ್ಕು ಸಲ ಬಿತ್ತು. ಈ ಲೆಕ್ಕ ಹೇಗೆ ಕೂಡುತ್ತದೆ ಎಂದು ಕೇಳಬೇಡಿ. ಕೊನೆಯ ಸಲ ಅದು ಏಳುವ ಮೊದಲೇ ಬಿತ್ತು, ನನ್ನ ಮೇಲೆ. ಜಿಟಿಜಿಟಿ ಮಳೆ ಬೇರೆ. ಕಡೆಗೆ ಬಿಳಿ ಅರಿವೆಯ ಡೇರೆಯನ್ನು ಅಂಗಳದ ನಡುವೆ ಉದ್ದಕ್ಕೆ ಹಾಸಿ, ತಲೆಯ ಮೇಲೆ ಟಾವೆಲ್ಲು ಹಾಕಿಕೊಂಡು, ಕಟ್ಟೆಯ ಮೇಲೆ ಎರಡೂ ಕೈಯಲ್ಲಿ ತಲೆ ಹಿಡಿದು ಕುಳಿತೆ. ದಾರಿಗೆ ಬುತ್ತಿ ಮಾಡಲೆಂದು ಉಳ್ಳಾಗಡ್ಡಿ ಹೆಚ್ಚುತ್ತಿದ್ದ ನಮ್ಮಾಕೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು.

ಎದುರುಮನೆಯ ಅಜ್ಜಿ ಅದೇ ಹೊತ್ತಿಗೆ ಹೊರಗೆ ಬಂದಳು. ಬಿಳಿ ಅರಿವೆ ನೋಡಿದಳು. ನನ್ನನ್ನು ನೋಡಿದಳು. ನಮ್ಮಾಕೆಯ ಕಣ್ಣು ನೋಡಿದಳು. ಬಾಯಿ ಬಡಿದುಕೊಳ್ಳುತ್ತ ಓಡಿ ಬಂದೇಬಿಟ್ಟಳು.

"ಅಯ್ಯ ನನ್ನವ್ವಾ, ಯಾವಾಗ ಆತಬೇ ಇದು? ಯಾರ ಹೋದ್ರು?"

ನಮ್ಮಾಕೆ ಗಾಬರಿಯಾಗಿ ಹೇಳಿದಳು, "ಯಾರೂ ಹೋಗಿಲ್ಲಬೇ ಅಜ್ಜಿ. ನಾವು ಹೋಗಾಕ ಹತ್ತೇವಿ. ನಾಳೆ ಮುಂಜಾನೆ."

ಅಜ್ಜಿ ನಮ್ಮಿಬ್ಬರ ಮುಖವನ್ನೂ ನೋಡಿದಳು.

"ಇಬ್ಬರೂ ಕೂಡೇ?" ಎಂದಳು. ಆಮೇಲೆ ಮೊದಲಿಗಿಂತ ಜೋರಾಗಿ ಸುರು ಮಾಡಿದಳು.

೨. ಸೂಜಿ ತೋರಿಸಿದ ದಾರಿ

ಮರುದಿನ ಮುಂಜಾನೆ ಕಿತ್ತೂರಿಗೆ ಹೋಗಿ ಚಹಾ ಕುಡಿದು ದೇಗಾಂವಕ್ಕೆ ಬರುವಷ್ಟರಲ್ಲಿ ಮಳೆ ದಪ್ಪಾಯಿತು. ಅಲ್ಲಿಯ ಹಳೆಯ ಕಲ್ಲುಗುಡಿಯಲ್ಲಿ ನಿಂತೆವು. ಐದಾರು ಮಂದಿ ರೈತರು ಕಂಬಳಿ ಗೊಪ್ಪೆ ಹಾಕಿಕೊಂಡು ಮೊದಲೇ ಅಲ್ಲಿ ಕುಳಿತಿದ್ದರು. ಕೂತ ಮಂದಿಯನ್ನು ಕಂಡರೆ ಮಾಸ್ತರನಿಗೆ ಬಾಯಿ ತುರಿಸುತ್ತದೆ. ಮಲಪ್ರಭೆಯ ಉಗಮ, ಹರಿವು, ಇಳಿಜಾರು ಎಲ್ಲ ಹೇಳಿದೆ. ಅವರು ಬಹಳ ಶಾಂತರಾಗಿ ಕೇಳಿದರು. ಹೊರಗೆ ಮಳೆ ಇತ್ತು, ಪಾಪ, ಎದ್ದು ಹೋಗುವಂತಿರಲಿಲ್ಲ.

ಮಳೆ ಕಡಿಮೆಯಾದ ಮೇಲೆ ಅವರಲ್ಲಿ ಹಿರಿಯನೊಬ್ಬ ಹೇಳಿದ, "ಸರ, ಹೊಳಿಗೆ ಹೋಗೂದಾದ್ರ ಮುಂದ ಬೇವಿನ ಗಿಡದ ಹತ್ರ ಎಡಕ್ಕ ಹೊಳ್ರಿ."

"ಗಿಡ ಬ್ಯಾಡೋ ಯಜಮಾನ, ನನ್ನ ಹತ್ರ ಶಾಸ್ತ್ರ ಐತಿ," ಎಂದು ಕಿಸೆಯಿಂದ ಸಾಲೆಯ ದಿಕ್ಸೂಚಿ ತೆಗೆದೆ. ಜೀಪಿನ ಬಾನೆಟ್ಟಿನ ಮೇಲೆ ಇಟ್ಟೆ. ಸೂಜಿ ಗಿರಗಿರ ತಿರುಗಿ ನಿಂತಿತು. ಉತ್ತರ ಸಿಕ್ಕಿತು. ಉತ್ತರ ಸಿಕ್ಕಮೇಲೆ ಉಳಿದ ಮೂರು ದಿಕ್ಕು ಎಲ್ಲಿ ಹೋಗುತ್ತವೆ? ನಾನು ಬೆರಳು ಮಾಡಿದ ಕಡೆಗೆ ಚಾಚಾ ಗಾಡಿ ಬಿಟ್ಟ. ಎರಡೆರಡು ಫರ್ಲಾಂಗಿಗೆ ಇಳಿದು, ಸೂಜಿ ನೋಡಿ, ಎಡ ಬಲ ಹೇಳುತ್ತ ಹೋದೆ. ಜೋಳದ ಹೊಲ, ಬದು, ಹಳ್ಳ ಎಲ್ಲ ಬಂದವು. ಹೊಳೆ ಬರಲಿಲ್ಲ.

ಒಂದು ತಾಸಿನ ಮೇಲೆ ಮಳೆಯ ಮಬ್ಬಿನಲ್ಲಿ ಒಂದು ಕಲ್ಲುಗುಡಿ ಕಂಡಿತು. ನಾನು ಹಿಗ್ಗಿ ನಮ್ಮಾಕೆಗೆ ಹೇಳಿದೆ, "ನೋಡಿಲ್ಲೆ! ಈ ಭಾಗದಾಗ ಒಂದೇ ನಮೂನಿ ಗುಡಿ ಭಾಳ ಅದಾವ. ಥೇಟ್ ದೇಗಾಂವದ ಗುಡಿ ಹಂಗ ಐತಿ."

ಅವಳು ಇಣುಕಿ ನೋಡಿ ಹೇಳಿದಳು, "ಗುಡಿ ಅಷ್ಟ ಅಲ್ರಿ, ಒಳಗ ಕುಂತ ಮಂದೀನೂ ಒಂದೇ ನಮೂನಿ ಅದಾರ."

ಹಿರಿಯ ಗೊಪ್ಪೆ ಸರಿಸಿ ನನಗೆ ಜಾಗ ಮಾಡಿದ. "ಬರ್ರಿ ಸರ, ಕುಂತ್ರಿ. ಮುಂದಿಂದ ಹೇಳ್ರಿ."

ನಾನು ದಿಕ್ಸೂಚಿಯನ್ನು ಝಾಡಿಸಿ ನೋಡುತ್ತಿದ್ದೆ. ಚಾಚಾ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಮಾಸ್ತರ, ನಿಮ್ಮ ಸೂಜಿ ಉತ್ತರದ ಕಡೆ ನೋಡೂದಿಲ್ರಿ. ಕಬ್ಬಿಣದ ಮ್ಯಾಲ ಇಟ್ಟೀರಿ, ಅದು ಇಂಜಿನ್ ಕಡೆ ನೋಡಾಕ ಹತ್ತೈತಿ. ಈ ಗಾಡ್ಯಾಗ ನಂಬೂವಂಥಾದ್ದು ಅದೊಂದ ಅಂತ ಅದಕ್ಕೂ ತಿಳದೈತಿ."

೩. ಆಳು ಚಲೋ ಅದಾನ್ರಿ

ಬೇವಿನ ಗಿಡದ ಹತ್ತಿರ ಎಡಕ್ಕೆ ಹೊರಳಿದೆವು. ಹೊಳೆ ಸಿಕ್ಕಿತು. ಕೆಂಪಗೆ, ಅಗಲಕ್ಕೆ, ನನ್ನ ನೀಲಿ ಖಡುವಿಗೂ ತನಗೂ ಯಾವ ಸಂಬಂಧವೂ ಇಲ್ಲದಂತೆ ಹರಿಯುತ್ತಿತ್ತು. ನಮ್ಮಾಕೆ ಕೆಳಗಿಳಿದು ಕೈಮುಗಿದಳು. ನನಗೆ ಯಾಕೋ ಮಾತು ಬರಲಿಲ್ಲ. ಹಾಗೆ ಮಾತು ಬಾರದೆ ನಾನು ನಿಂತದ್ದು ಆ ಪ್ರವಾಸದಲ್ಲಿ ಅದೊಂದೇ ಸಲ.

ದಂಡೆಯ ಗಾಡಿದಾರಿ ಹಿಡಿದು ಬೈಲಹೊಂಗಲದ ಕಡೆಗೆ ತಿರುಗಿದಾಗ ಮಧ್ಯಾಹ್ನ ದಾಟಿತ್ತು. ಅಲ್ಲಿ ಎರೆಮಣ್ಣು ಸುರುವಾಯಿತು. ಮಳೆ ಬಿದ್ದ ಎರೆಮಣ್ಣು ಒಮ್ಮೆ ಕಾಲು ಹಿಡಿದರೆ ಬಿಡುವುದಿಲ್ಲ. ಜೀಪು ಅಚ್ಚಿನವರೆಗೆ ಹುಗಿದು ನಿಂತಿತು.

ಚಾಚಾ ಸ್ಟೇರಿಂಗ್ ಹಿಡಿಯಬೇಕು. ನಮ್ಮಾಕೆ ಹಸಿರು ಸೀರೆ ಇಟ್ಟ ಟ್ರಂಕು ಹಿಡಿಯಬೇಕು. ನೂಕಲು ಉಳಿದವನು ನಾನು. ನೂಕುವ ಮೊದಲು, ಎರೆಮಣ್ಣು ನೀರನ್ನು ಯಾಕೆ ಇಷ್ಟು ಹಿಡಿದಿಟ್ಟುಕೊಳ್ಳುತ್ತದೆ ಎಂದು ಚಾಚಾನಿಗೆ ವಿವರಿಸುತ್ತ ಹಿಂದಿನ ಗಾಲಿಯ ಬಳಿ ಬಗ್ಗಿದೆ. ಚಾಚಾ ಎಕ್ಸಲರೇಟರ್ ಒತ್ತಿದ. ಗಾಲಿಗಳೆರಡೂ ಸೇರಿ ಅರ್ಧ ಎಕರೆ ಹೊಲವನ್ನು ಎತ್ತಿ ನನ್ನ ಮೈಮೇಲೆ ಹಾಕಿದವು. ಚಷ್ಮಾ, ಮೂಗು, ಬಿಳಿ ಅಂಗಿ ಯಾವುದೂ ಉಳಿಯಲಿಲ್ಲ. ಬಾಯಿ ತೆರೆದೇ ಇತ್ತು, ಅದರೊಳಗೂ ಒಂದಿಷ್ಟು ಹೋಯಿತು.

ಆಗ ಒಬ್ಬ ರೈತ ಜೋಡೆತ್ತು ಹೊಡೆದುಕೊಂಡು ಆ ದಾರಿಗೆ ಬಂದ. ಒಳಗೆ ಖಾಕಿ ಅಂಗಿ ಹಾಕಿಕೊಂಡು ಬೆಚ್ಚಗೆ ಕೂತ ಚಾಚಾನಿಗೆ ಕೈಮುಗಿದ. "ಸಾಹೇಬ್ರ, ಕುಂತಿರ್ರಿ, ಇಳೀಬ್ಯಾಡ್ರಿ. ಎತ್ತು ಹೂಡತೇನಿ." ಆಮೇಲೆ ನನ್ನ ಕಡೆ ತಿರುಗಿ, "ಏ ತಮ್ಮಾ, ಏನ ನೋಡಕೋತ ನಿಂತೀಲೇ? ಹಿಂದ ಹೋಗಿ ಹೆಗಲಾ ಕೊಡು!" ಎಂದ.

ನಾನು ಯಾರೆಂದು ಹೇಳಲು ಹೋದೆ. ಬಾಯಲ್ಲಿ ಮಣ್ಣಿತ್ತು. ಹೆಗಲು ಕೊಟ್ಟೆ. ಎತ್ತುಗಳು ಜಗ್ಗಿದವು, ಜೀಪು ಎದ್ದಿತು, ನಾನು ಬಿದ್ದೆ. ಬಿದ್ದಲ್ಲಿಂದಲೇ ಮಣ್ಣು ಉಗುಳಿ, ಎತ್ತನ್ನು ಯಾವ ಕೋನದಲ್ಲಿ ಹೂಡಿದ್ದರೆ ಇನ್ನೂ ಸಲೀಸಾಗುತ್ತಿತ್ತು ಎಂಬುದನ್ನು ತಿಳಿಸಿದೆ.

ರೈತ ಕಣ್ಣಿ ಬಿಚ್ಚುತ್ತ ಚಾಚಾನಿಗೆ ಹೇಳಿದ, "ಸಾಹೇಬ್ರ, ಈ ಆಳು ಚಲೋ ಅದಾನ್ರಿ. ಮೈಗಳ್ಳ ಅಲ್ಲ. ಮಾತೊಂದು ಕಡಿಮಿ ಮಾಡಿದ್ರ ಇಟಗೋಳಾಕ ಅಡ್ಡಿ ಇಲ್ಲ."

ಒಳಗಿನಿಂದ ನಮ್ಮಾಕೆಯ ದನಿ ಬಂತು. "ನಾನೂ ಅದನ್ನ ಹೇಳಾಕ ಹತ್ತೇನಣ್ಣಾ. ಹದಿನಾಲ್ಕ ವರ್ಷಾತು."

೪. ಮನಿ ಇಲ್ಲೇನ್ರಿ?

ಆ ರಾತ್ರಿ ಅದೇ ರೈತನ ಪಡಸಾಲೆಯಲ್ಲಿ ಮಲಗಿದ್ದರಿಂದ, ಡೇರೆಯ ಮೊದಲ ದಿನ ಲೆಕ್ಕಕ್ಕೆ ಬರುವುದಿಲ್ಲ. ಮರುದಿನ ಸಂಜೆಯ ಹೊತ್ತಿಗೆ, ಸವದತ್ತಿ ಇನ್ನೂ ಹತ್ತು ಹನ್ನೆರಡು ಮೈಲಿ ಇರುವಾಗ, ಹೊಳೆಯ ದಂಡೆಗೆ ಒಂದು ಹುಲ್ಲಿನ ಜಾಗ ಕಂಡಿತು. ನೀರಿಗೆ ಇಪ್ಪತ್ತು ಹೆಜ್ಜೆ. ನಾನು ಕನಸಿನಲ್ಲಿ ಕಂಡ ಜಾಗ.

ಮೇಲೆ ದಿಬ್ಬದಲ್ಲಿ ಒಂದು ಕುರುಬರ ಕುಟುಂಬ ಕುರಿ ನಿಲ್ಲಿಸಿಕೊಂಡು ಇಳಿದಿತ್ತು. ಕಂಬಳಿಯ ಸಣ್ಣ ಗುಡಾರ, ಮುಂದೆ ಮೂರು ಕಲ್ಲಿನ ಒಲೆ, ಒಲೆಯಲ್ಲಿ ಉರಿ. ನಾನು ಡೇರೆ ಎಬ್ಬಿಸಿದೆ. ಈ ಸಲ ಎದ್ದಿತು! ಆ ಹುರುಪಿನಲ್ಲಿ ಒಲೆ ಹೂಡಿದೆ. ಒಂದೇ ಕಡ್ಡಿಯಿಂದ ಒಲೆ ಹೊತ್ತಿಸುವುದು ತರಬೇತಿಯಲ್ಲಿ ಕಲಿಸಿದ ವಿದ್ಯೆ. ಒಂದು ಕಡ್ಡಿ ಕೊರೆದೆ. ಇನ್ನೊಂದು ಕೊರೆದೆ. ಕಡ್ಡಿಪೆಟ್ಟಿಗೆ ಮುಗಿಯಿತು. ನಮ್ಮಾಕೆ ಮತ್ತು ಚಾಚಾ ಜೀಪಿನಲ್ಲಿ ಕುಳಿತು ಕಟಕರೊಟ್ಟಿ ಮತ್ತು ಶೇಂಗಾ ಚಟ್ನಿ ತಿನ್ನುತ್ತ ನನ್ನನ್ನೇ ನೋಡುತ್ತಿದ್ದರು, ಆಟ ನೋಡುವವರ ಹಾಗೆ.

ಕುರುಬ ಅಜ್ಜ ದಿಬ್ಬ ಇಳಿದು ಬಂದ. ಕೈಯಲ್ಲಿ ಒಂದು ಕೊಳ್ಳಿ. ಕೊಟ್ಟ. ನನ್ನ ಒಲೆಗೆ ಅದನ್ನೂ ಆರಿಸುವ ಶಕ್ತಿಯಿತ್ತು. ಅವನು ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು ಕೇಳಿದ:

"ಮನಿ ಇಲ್ಲೇನ್ರಿ?"

"ಐತಿ. ಬೈಲಹೊಂಗಲದಾಗ."

"ಸೋರತೈತೇನ್ರಿ?"

"ಇಲ್ಲ. ಮಂಗಳೂರ ಹಂಚು."

ಅವನು ದನಿ ತಗ್ಗಿಸಿ, ಜೀಪಿನ ಕಡೆ ಒಮ್ಮೆ ನೋಡಿ ಕೇಳಿದ, "ಮತ್ತ... ಮನಿಯಾಗ ಏನರ ಜಗಳ ಆಗೇತೇನ್ರಿ?"

ಇಲ್ಲವೆಂದೆ. ನಿಸರ್ಗದ ಮಡಿಲಲ್ಲಿ ಬಾಳುವುದರ ಸುಖವನ್ನು ಅವನಿಗೆ ತಿಳಿಸಿ ಹೇಳಿದೆ. ಹುಟ್ಟಿದಾಗಿನಿಂದ ಮಳೆಯಲ್ಲಿ ಮಲಗಿದ ಮನುಷ್ಯ, ಸಂಪೂರ್ಣ ಕೇಳಿಸಿಕೊಂಡ. ಎದ್ದು ಹೋಗುವಾಗ ಇಷ್ಟೇ ಹೇಳಿದ, "ಇಲ್ಲಿ ಬ್ಯಾಡ್ರಿ ಯಪ್ಪಾ. ಮ್ಯಾಲ ದಿಬ್ಬಕ್ಕ ಬರ್ರಿ. ಮೂಡಲಕ್ಕ ಹೋಗೂ ನೀರಿಗೆ ಪಡುವಲದ ಮಳಿ ಸುದ್ದಿ ತಡಾ ಆಗಿ ಮುಟ್ಟತೈತಿ."

ನೀರು ಎರಡು ದಿನದಲ್ಲಿ ಒಂದು ಗೇಣೂ ಏರುವುದಿಲ್ಲ ಎಂದು ನಾನು ಆಗಲೇ ಲೆಕ್ಕ ಹಾಕಿದ್ದೆ. ನಮ್ಮಾಕೆಗೆ ಲೆಕ್ಕ ತಿಳಿಯುವುದಿಲ್ಲ. ಅವಳು ಟ್ರಂಕು ತೆಗೆದುಕೊಂಡು ಕುರುಬರ ಹೆಣ್ಣುಮಕ್ಕಳ ಗುಡಾರಕ್ಕೆ ಹೋದಳು. ಚಾಚಾ ಜೀಪನ್ನು ದಿಬ್ಬಕ್ಕೆ ಏರಿಸಿ ಅದರಲ್ಲೇ ಮಲಗಿದ. ಡೇರೆಯಲ್ಲಿ ನಾನೊಬ್ಬನೇ, ರಾಜನ ಹಾಗೆ.

ಬೆಳಕು ಹರಿಯುವಾಗ ಕಾಲಿನ ಹೆಬ್ಬೆರಳಿಗೆ ತಂಪಾಯಿತು. ಆಮೇಲೆ ಮೊಣಕಾಲಿಗೆ. ಕಣ್ಣು ಬಿಟ್ಟರೆ ಹಾಸಿಗೆಯ ಸುತ್ತ ಮಲಪ್ರಭೆ. ಏಳಲು ಹೋದರೆ ಏಳಲು ಬರಲಿಲ್ಲ. ಡೇರೆ ಹಾರದಿರಲೆಂದು ಹಗ್ಗದ ತುದಿಯನ್ನು ನನ್ನ ಕಾಲಿಗೇ ಕಟ್ಟಿಕೊಂಡಿದ್ದೆ. ಪ್ರಮಾಣಪತ್ರ ತಂದುಕೊಟ್ಟ ಗಂಟು ಅದು, ಎಷ್ಟು ಜಗ್ಗಿದರೂ ಬಿಚ್ಚದು. ಡೇರೆ ಒಳಗಿನ ನನ್ನನ್ನೂ ಸೇರಿಸಿ ಮೆಲ್ಲಗೆ ಹೊಳೆಯ ಕಡೆಗೆ ಜರುಗತೊಡಗಿತು. ನಿಜ ಹೇಳುತ್ತೇನೆ, ಆಗ ನಗೆ ಬರಲಿಲ್ಲ. ಮಕ್ಕಳ ಮುಖ ಕಣ್ಣ ಮುಂದೆ ಬಂತು. ಇದ್ದಷ್ಟು ದನಿಯಲ್ಲಿ ಕೂಗಿದೆ.

ಕುರುಬ ಅಜ್ಜ ಎದೆಮಟ ನೀರಿಗೆ ಇಳಿದು ಬಂದ. ಕುಡಗೋಲಿನಿಂದ ಹಗ್ಗ ಕೊಯ್ದ, ನನ್ನ ಕೊರಳಪಟ್ಟಿ ಹಿಡಿದು ಕುರಿ ಎಳೆದಂತೆ ದಿಬ್ಬಕ್ಕೆ ಎಳೆದು ತಂದ. ಸಾಲೆಯ ಡೇರೆ ಒಮ್ಮೆ ಗಾಳಿ ತುಂಬಿಕೊಂಡು ಎದೆ ಉಬ್ಬಿಸಿ ನಡುಹೊಳೆಯಲ್ಲಿ ಪೂರ್ವಕ್ಕೆ ಹೊರಟುಹೋಯಿತು. ಅಷ್ಟು ನೆಟ್ಟಗೆ ಅದು ನೆಲದ ಮೇಲೆ ಒಮ್ಮೆಯೂ ನಿಂತಿರಲಿಲ್ಲ.

ನಮ್ಮಾಕೆ ನನ್ನ ತಲೆ ಒರೆಸಿದಳು, ಬೈದಳು, ಮತ್ತೆ ಒರೆಸಿದಳು. ಅಜ್ಜ ಅದನ್ನು ನೋಡುತ್ತ ನಿಂತಿದ್ದವನು ಕಡೆಗೆ ಅವಳಿಗೆ ಕೈಮುಗಿದು ಹೇಳಿದ:

"ಯವ್ವಾ, ನಿಮ್ಮೊಳಗ ಏನ ಜಗಳ ಆಗಿದ್ರೂ ಇರಲಿ. ಇವರನ್ನ ಮನಿಯೊಳಗ ಕರಕೋರಿ."

೫. ಸವದತ್ತಿಯ ಸಾಹೇಬ

ಡೇರೆಯ ಜೊತೆ ನನ್ನ ಅರಿವೆಯ ಚೀಲವೂ ಹೋಗಿತ್ತು. ಟ್ರಂಕಿನಲ್ಲಿ ಕುಬಸಕ್ಕೆಂದು ಇಟ್ಟಿದ್ದ ಕರಿ ಕೋಟು ಮತ್ತು ಧೋತರವೊಂದೇ ಒಣಗಿದ್ದು. ಅದನ್ನೇ ಹಾಕಿಕೊಂಡೆ. ಸವದತ್ತಿ ಮುಟ್ಟುವಾಗ ಮಳೆ ಆಕಾಶ ಹರಿದಂತೆ ಸುರಿಯುತ್ತಿತ್ತು. ಊರ ಹೊರಗೆ ಒಂದು ಸರಕಾರಿ ಬಂಗಲೆ ಕಂಡಿತು. ಒಂದು ತಾಸು ಮಾಳಿಗೆಯ ಕೆಳಗೆ ನಿಲ್ಲಲು ಬಿಟ್ಟರೆ ಸಾಕೆಂದು ಒಳಗೆ ಹೋದೆವು.

ಜೀಪು ನಿಂತದ್ದೇ ತಡ, ಬಂಗಲೆಯ ಕಾವಲುಗಾರ ಛತ್ರಿ ಹಿಡಿದು ಓಡಿ ಬಂದ. "ಬರ್ರಿ ಸಾಹೇಬ್ರ, ಬರ್ರಿ! ಮುಂಜಾನಿಂದ ನಿಮ್ಮ ದಾರಿ ಕಾಯಾಕ ಹತ್ತೇನ್ರಿ."

ನಾನು ಸಾಹೇಬನಲ್ಲ ಎಂದು ಹೇಳಲು ಬಾಯಿ ತೆರೆದೆ. ಅದೇ ಕ್ಷಣ ಒಳಗಿನಿಂದ ಮೆಣಸಿನಕಾಯಿ ಭಜಿಯ ವಾಸನೆ ಬಂತು. ಬಾಯಿ ಮುಚ್ಚಿದೆ. ನಮ್ಮಾಕೆ ಕಣ್ಣು ದೊಡ್ಡದು ಮಾಡಿದಳು. ನಾನು ಆ ಕಡೆ ನೋಡಲಿಲ್ಲ. ಒಂದು ಮಾತು ಸ್ಪಷ್ಟ ಮಾಡುತ್ತೇನೆ: ನಾನು ಸುಳ್ಳು ಹೇಳಲಿಲ್ಲ. ಬಾಯಿತುಂಬ ಭಜಿ ಇದ್ದಾಗ ಸುಳ್ಳಾಗಲಿ ಖರೆಯಾಗಲಿ ಹೇಳಲು ಬರುವುದಿಲ್ಲ.

ಎರಡನೆಯ ತಾಟು ಬರುವಾಗ ಏಳೆಂಟು ಮಂದಿ ರೈತರು ಬಂದು ಪಡಸಾಲೆಯಲ್ಲಿ ಕೈಕಟ್ಟಿ ನಿಂತರು. ನನ್ನನ್ನು ನೀರಾವರಿ ಸಾಹೇಬನೆಂದು ತಿಳಿದು, ಹೊಳೆಯ ನೀರು ಕಾಲುವೆಗುಂಟ ತಮ್ಮ ಹೊಲಕ್ಕೆ ಬರುತ್ತದೆಯೋ ಇಲ್ಲವೋ ಎಂದು ಕೇಳಿದರು. ಭೂಗೋಳದ ಪ್ರಶ್ನೆ! ನನ್ನಿಂದ ಸುಮ್ಮನಿರಲು ಹೇಗೆ ಆದೀತು? ಮಾನ್ಸೂನ್ ಮಾರುತ, ಪಾತ್ರ, ಹೂಳು ಎಲ್ಲವನ್ನೂ ಸೇರಿಸಿ ಮುಕ್ಕಾಲು ತಾಸು ಹೇಳಿದೆ. ಅವರು ಹೊರಗೆ ಹೋಗುವಾಗ ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ಕೇಳಿಸಿತು: "ಒಂದ ಮಾತೂ ತಿಳೀಲಿಲ್ಲ ಬಿಡು. ಖರೇನ ದೊಡ್ಡ ಸಾಹೇಬ್ರ ಅದಾರ."

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲವಾಯಿತು. ಮುರಿದ ಛತ್ರಿ, ಮೊಣಕಾಲವರೆಗೆ ಕೆಸರು, ತೊಯ್ದು ತೊಪ್ಪೆಯಾದ ಒಬ್ಬ ಮನುಷ್ಯ ಒಳಗೆ ಬರಲು ನೋಡುತ್ತಿದ್ದ. ಕಾವಲುಗಾರ ತಡೆದಿದ್ದ. "ಆಮ್ಯಾಲ ಬರ್ರಿ, ಸಾಹೇಬ್ರ ತಿನ್ನಾಕ ಕುಂತಾರ."

"ಯಾವ ಸಾಹೇಬ್ರು?" ಎಂದ ಆ ಮನುಷ್ಯ. "ನನ್ನ ಜೀಪು ಕೆಟ್ಟು ಮೂರು ಮೈಲಿ ನಡಕೊಂಡ ಬಂದೇನಿ. ಒಳಗ ಇರೂ ಸಾಹೇಬ ಯಾರು?"

ನಾನು ಎದ್ದು ನಿಂತೆ. ಕೈಯಲ್ಲಿ ಅರ್ಧ ಕಡಿದ ಭಜಿ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, "ನೀವು ಯಾರ್ರಿ?"

ಹೆದರಿಕೆಗೆ ಬಾಯಿಂದ ಬಂದದ್ದು ಒಂದೇ ಶಬ್ದ. "ಭೂಗೋಳರಿ."

ನಮ್ಮಾಕೆ ಮುಂದೆ ಬಂದು, ಡೇರೆ ತೇಲಿಹೋದದ್ದರಿಂದ ಹಿಡಿದು ಕುಬಸದವರೆಗೆ ಎಲ್ಲ ಹೇಳಿ ಕೈಮುಗಿದಳು. ಅವರು ಕುರ್ಚಿಯ ಮೇಲೆ ಕುಸಿದು ಕುಳಿತು, ತಾಟಿನಲ್ಲಿ ಏನೂ ಉಳಿದಿಲ್ಲವೆಂಬುದನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದರು. "ಇರ್ರಿ ಮಾಸ್ತರ, ರಾತ್ರಿ ಇಲ್ಲೇ ಇದ್ದು ನಾಳೆ ಹೋಗ್ರಿ. ಸಾಲ್ಯಾಗ ಭೂಗೋಳ ನನ್ನ ಎರಡ ಸಲ ಕೆಡವೇತಿ. ಇದು ಮೂರನೇ ಸಲ."

೬. ಹರಿಗೋಲಿನಾಗ ಆಡಿದ ಖರೆ

ಕುಬಸದ ದಿನ. ಹತ್ತು ಗಂಟೆಗೆ ರಾಮದುರ್ಗದ ಆ ಹಳ್ಳಿಯ ಎದುರಿಗೆ ಬಂದು ನಿಂತೆವು. ಎದುರಿಗೆ ಎಂದರೆ ಹೊಳೆಯ ಈಚೆಗೆ. ದಾಟುವ ಕಲ್ಲುಹಾದಿಯ ಮೇಲೆ ನೀರು ಹರಿಯುತ್ತಿತ್ತು. ಜೀಪು ಹೋಗುವ ಮಾತೇ ಇರಲಿಲ್ಲ. ಆಚೆ ದಂಡೆಗೆ ನಮ್ಮ ಅತ್ತೆ, ಮಾವ, ಮನೆಯ ಮಂದಿಯೆಲ್ಲ ಛತ್ರಿ ಹಿಡಿದು ನಮ್ಮ ದಾರಿ ಕಾಯುತ್ತ ನಿಂತದ್ದು ಸಣ್ಣಗೆ ಕಾಣುತ್ತಿತ್ತು.

ನಮ್ಮಾಕೆ ಟ್ರಂಕನ್ನು ಎದೆಗೆ ಅವಚಿಕೊಂಡು ಆ ದಂಡೆಯನ್ನೇ ನೋಡುತ್ತ ನಿಂತಳು. ಅವಳ ಕಣ್ಣು ತುಂಬಿತ್ತು, ಈ ಸಲ ಉಳ್ಳಾಗಡ್ಡಿ ಇರಲಿಲ್ಲ. ನಾಲ್ಕು ದಿನದ ನನ್ನ ಶಾಣ್ಯಾತನ ಎಲ್ಲ ಅಲ್ಲಿಗೆ ಇಳಿಯಿತು. ನಾನೇ ಹೋಗಿ ಅಂಬಿಗನನ್ನು ಹುಡುಕಿ ತಂದೆ.

ಅಂಬಿಗ ನೀರು ನೋಡಿದ. "ಮ್ಯಾಲಿನ ತಿರುವಿಗೆ ಹೋಗಿ ಹರಿಗೋಲು ಬಿಟ್ರ ಮುಟ್ಟಸ್ತೇನಿ. ಸರ, ನಿಮಗ ಈಜು ಬರತೈತೇನ್ರಿ?"

"ಅದರ ಬಗ್ಗೆ ಓದೇನಿ."

ಅವನು ನನ್ನನ್ನು ಹರಿಗೋಲಿನ ನಟ್ಟನಡುವೆ ಕೂಡಿಸಿದ. ನಮ್ಮಾಕೆ ಟ್ರಂಕಿನೊಂದಿಗೆ ಒಂದು ಮಗ್ಗುಲಿಗೆ ಕುಳಿತಳು. ಚಾಚಾ ಜೀಪಿನ ಬಳಿ ನಿಂತು ಎರಡೂ ಕೈ ಎತ್ತಿ ದುವಾ ಮಾಡಿದ. ಅದನ್ನು ನೋಡಿದ ಮೇಲೆ ನನಗೆ ಹೆದರಿಕೆ ಸುರುವಾಯಿತು.

ಹರಿಗೋಲು ಒಂದು ಸುತ್ತು ತಿರುಗಿತು. ದಂಡೆ ಎಡಕ್ಕಿದ್ದದ್ದು ಬಲಕ್ಕೆ ಬಂತು. ಇನ್ನೊಂದು ಸುತ್ತು. ನಾನು ಕಣ್ಣು ಗಟ್ಟಿಯಾಗಿ ಮುಚ್ಚಿದೆ, ಅಂಚು ಹಿಡಿದೆ, ನೆನಪಾದ ದೇವರನ್ನು ಕರೆದೆ. ಹೊಳೆಯ ಭೋರ್ಗರೆತದಲ್ಲಿ ದೇವರಿಗೆ ಕೇಳಿಸಲಿ ಎಂದು ಜೋರಾಗಿಯೇ ಕರೆದೆ.

"ತಾಯೀ ಯಲ್ಲಮ್ಮಾ! ಇದೊಂದ ಸಲ ದಾಟಿಸವ್ವಾ! ಇನ್ನ ಮ್ಯಾಲ ಹಲಗಿ ಮ್ಯಾಲಿನ ಹೊಳಿ ಬಿಟ್ಟು ಬ್ಯಾರೆ ಹೊಳಿಗೆ ಬರೂದಿಲ್ಲ! ನಶ್ಯ ಬಿಟ್ಟೆ! ಇವತ್ತ ಬಿಟ್ಟೆ!"

ಹರಿಗೋಲು ಓಲಾಡಿತು. ನಶ್ಯ ಸಾಲಲಿಲ್ಲವೆಂದು ತಿಳಿಯಿತು. ಒಳಗಿದ್ದ ಪಾಪಗಳನ್ನೆಲ್ಲ ಒಂದೊಂದಾಗಿ ಹೊರಗೆ ಹಾಕಿದೆ.

"ಇಕಿ ತವರಿಗೆ ಬಂದಾಗ, ಉಪವಾಸ ಬಿದ್ದೇನಿ ಲಗೂನ ಬಾ ಅಂತ ಕಾಗದ ಬರದಿದ್ದು ಸುಳ್ಳವ್ವಾ! ದಿನಾ ಖಾನಾವಳ್ಯಾಗ ಹೋಳಿಗಿ ತಿಂದೇನಿ!"

ಹರಿಗೋಲು ಇನ್ನೊಮ್ಮೆ ಕುಲುಕಿತು. ಉಳಿದದ್ದು ಒಂದೇ ಪಾಪ, ಎಲ್ಲಕ್ಕಿಂತ ದೊಡ್ಡದು.

"ತಾಯೀ! ನಮ್ಮತ್ತಿಯಾರು ವರ್ಷಾ ವರ್ಷಾ ಡಬ್ಬಿ ತುಂಬಿ ಗೋದಿ-ಬೆಲ್ಲದ ಮಾದಲಿ ಕಟ್ಟಿ ಕೊಡತಾರ! ಭಾಳ ಚಲೋ ಆಗೇತ್ರಿ ಅಂತ ಹೇಳೇನಿ! ಒಂದ ತುತ್ತಿನ ಮ್ಯಾಲ ತಿಂದಿಲ್ಲವ್ವಾ! ಗಂಟಲದಾಗ ಇಳಿಯೂದಿಲ್ಲ, ಉಸುಕು ತಿಂದಂಗ ಆಗತೈತಿ! ಹದಿನಾಲ್ಕು ವರ್ಷ ಅಷ್ಟೂ ಮಾದಲಿ ಎಮ್ಮಿಗೆ ಹಾಕೇನಿ! ತಪ್ಪಾತು! ಕಾಪಾಡು!"

ಕೂಗಿ ಮುಗಿಸಿದ ಮೇಲೆ ತಿಳಿಯಿತು, ಹೊಳೆಯ ಸಪ್ಪಳ ಇಲ್ಲವೇ ಇಲ್ಲ. ಎಲ್ಲ ಶಾಂತವಾಗಿತ್ತು.

"ಇಳೀರಿ ಸರ," ಎಂದ ಅಂಬಿಗ.

ಕಣ್ಣು ಬಿಟ್ಟೆ. ಅಂಬಿಗ ಮೊಣಕಾಲಮಟ ನೀರಿನಲ್ಲಿ ನಿಂತು, ಹರಿಗೋಲನ್ನು ಹಗ್ಗದಿಂದ ಎಳೆದುಕೊಂಡು ನಡೆಯುತ್ತಿದ್ದ. ನಡುಹೊಳೆ ಯಾವಾಗಲೋ ದಾಟಿತ್ತು. ನಾಲ್ಕು ಮಾರು ದೂರದಲ್ಲಿ ದಂಡೆ. ದಂಡೆಯ ಮೇಲೆ ಮಾವ, ಮನೆಯ ಮಂದಿ, ಊರ ಹತ್ತಾರು ಜನ. ಎಲ್ಲರಿಗಿಂತ ಮುಂದೆ, ಛತ್ರಿಯ ಕೆಳಗೆ, ನಮ್ಮ ಅತ್ತೆ.

ನಮ್ಮಾಕೆ ಟ್ರಂಕಿನ ಮೇಲೆ ತಲೆ ಇಟ್ಟು ಅಲುಗುತ್ತಿದ್ದಳು. ಅಳುತ್ತಿದ್ದಾಳೆಂದು ತಿಳಿದೆ. ನಾಲ್ಕು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಕುಬಸ ಹೊತ್ತಿಗೆ ಸರಿಯಾಗಿ ಆಯಿತು. ಅಕ್ಕ ತಂಗಿಗೆ ಹಸಿರು ಸೀರೆ ಉಡಿಸಿದಳು, ಹಸಿರು ಬಳೆ ಇಡಿಸಿದಳು, ತಂಗಿ ಅಕ್ಕನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ನನ್ನ ಚಷ್ಮಾ ಕೂಡ ಮಂಜಾಯಿತು. ಊಟಕ್ಕೆ ಕುಳಿತಾಗ ಅತ್ತೆಯವರೇ ಮಾದಲಿ ಬಡಿಸಲು ಬಂದರು. ಎಲ್ಲರ ಎಲೆಗೂ ಕೈತುಂಬ ಬಡಿಸಿ, ಮೇಲೆ ಹಾಲು, ತುಪ್ಪ ಹಾಕಿ, ನನ್ನ ಎಲೆಯ ಮುಂದೆ ಬಂದವರು ಪಾತ್ರೆಯನ್ನು ಇನ್ನೊಂದು ಕೈಗೆ ದಾಟಿಸಿಕೊಂಡು ಮುಂದೆ ಹೋದರು. ನಾನು ತಲೆ ಎತ್ತಲಿಲ್ಲ. ಸಾಲಿನ ಮಂದಿಯೂ ಎತ್ತಲಿಲ್ಲ, ಆದರೆ ಎಲ್ಲರ ಹೆಗಲೂ ಅಲುಗುತ್ತಿದ್ದವು.

ಎರಡು ದಿನ ಕಳೆದು, ನೀರು ಇಳಿದು, ಚಾಚಾ ಜೀಪು ತಂದು ಮನೆಯ ಮುಂದೆ ನಿಲ್ಲಿಸಿದ. ಅತ್ತೆಯವರು ಒಳಗಿನಿಂದ ಒಂದು ದೊಡ್ಡ ಡಬ್ಬಿ ತಂದರು. ಪ್ರತಿ ವರ್ಷದ್ದಕ್ಕಿಂತ ದೊಡ್ಡದು. ಬಾಯಿಗೆ ಅರಿವೆ ಬಿಗಿದು ಕಟ್ಟಿ, ಎರಡೂ ಕೈಯಿಂದ ನನ್ನ ತೊಡೆಯ ಮೇಲೆ ಇಟ್ಟರು. ಮುಖದಲ್ಲಿ ಸಿಟ್ಟಿನ ಸುಳಿವೂ ಇಲ್ಲ.

"ಜ್ವಾಕಿಲೆ ಒಯ್ರಿ ಅಳಿಯಂದ್ರ," ಎಂದರು. "ನಿಮ್ಮ ಎಮ್ಮಿಗೆ ನಾ ಕೇಳೇನಂತ ಹೇಳ್ರಿ."